ಒಂದು ಇನಿಷಿಯಲ್ ಮತ್ತು ನನ್ನ ಹೆಂಡತಿಯ ವೀಸಾ

ನಮ್ಮ ಮದುವೆ ಆಗಿದ್ದು 2023ರ ನವೆಂಬರ್‌ನಲ್ಲಿ, ಹಾಸನದಲ್ಲಿ. ಹೆಂಡತಿ ಇಂಗ್ಲೆಂಡಿಗೆ ಬಂದಿದ್ದು 2025ರ ಮಾರ್ಚ್‌ನಲ್ಲಿ. ನಡುವಿನ ಹದಿನಾರು ತಿಂಗಳಲ್ಲಿ ವೀಸಾ ಕಚೇರಿಯವರು ತೆಗೆದುಕೊಂಡಿದ್ದು ಬರೀ ಎರಡೂವರೆ ತಿಂಗಳು. ಉಳಿದಿದ್ದೆಲ್ಲ ನನ್ನ ಲೆಕ್ಕಕ್ಕೇ ಬರಬೇಕು.

ಮೊದಲು ಒಂದು ಮಾತು. ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ, ಐಎಲ್‌ಆರ್ ಇದೆ, ಅಂದರೆ ಇಲ್ಲೇ ಕಾಯಂ ಆಗಿ ಇರಲು ಅನುಮತಿ. ಹಾಗಿದ್ದವರು ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳುವುದು ಸ್ಪೌಸ್ ವೀಸಾದ ಮೇಲೆ. ನೀವಿನ್ನೂ ಕೆಲಸದ ವೀಸಾದಲ್ಲೇ ಇದ್ದರೆ ನಿಮ್ಮ ದಾರಿ ಬೇರೆ, ಅದು ಡಿಪೆಂಡೆಂಟ್ ವೀಸಾ. ನನ್ನ ಕಥೆಯ ಸಂಬಳದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಆಗ ನನಗೆ ವರ್ಷಕ್ಕೆ 26,500 ಪೌಂಡ್ ಸಂಬಳ. ಸ್ಪೌಸ್ ವೀಸಾಕ್ಕೆ ಬೇಕಿದ್ದದ್ದು 18,600. ಆರಾಮಾಗಿ ಸಾಲುತ್ತಿತ್ತು. ಡಿಸೆಂಬರ್ ಮೊದಲ ವಾರದಲ್ಲಿ ಸರ್ಕಾರ ಅದನ್ನು 38,700ಕ್ಕೆ ಏರಿಸುತ್ತೇವೆ ಎಂದು ಘೋಷಿಸಿತು. ಅದೇ ತಿಂಗಳು ಸ್ವಲ್ಪ ಇಳಿದು, ಮೊದಲ ಹಂತದಲ್ಲಿ 29,000 ಮಾಡುತ್ತೇವೆ ಎಂದಿತು. ಬೇಗ ಅರ್ಜಿ ಹಾಕಿದವರು ಬಚಾವ್. ನಾವೂ ಬೇಗ ಹಾಕೋಣ ಅಂತಲೇ ಹೊರಟೆವು. ಅಷ್ಟರಲ್ಲಿ ಮದುವೆ ಸರ್ಟಿಫಿಕೇಟ್ ಕೈಗೆ ಬಂತು.

ಅದರಲ್ಲಿ ನನ್ನ ಹೆಂಡತಿಯ ಹೆಸರಿನ ಮುಂದೆ ‘ಎಚ್.ಎನ್.’ ಅಂತ ಇತ್ತು. ಎಚ್ ಅಂದರೆ ಹೊಳೆನರಸೀಪುರ, ಎನ್ ಅಂದರೆ ಅವಳ ಅಪ್ಪ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಆಧಾರ್‌ವರೆಗೆ ಹಾಗೇ ಇದೆ. ಪಾಸ್‌ಪೋರ್ಟಿನಲ್ಲಿ ಮಾತ್ರ ಇನಿಷಿಯಲ್ ಇಲ್ಲ. ಅವಳ ಹೆಸರು, ಆಮೇಲೆ ಅಪ್ಪನ ಹೆಸರು ಪೂರ್ತಿ, ಅದೂ ಸರ್‌ನೇಮ್ ಜಾಗದಲ್ಲಿ. ಊರಿನ ಸುದ್ದಿಯೇ ಇಲ್ಲ. ನಮಗೆ ಇದು ದಿನಾ ನೋಡುವ ವಿಷಯ. ಆದರೆ ಕನ್ನಡದ ಹೆಸರು ಎಂದೂ ಕೇಳದ ಒಬ್ಬ ಅಧಿಕಾರಿಯ ಕಣ್ಣಿಗೆ? ಬೇರೆ ಬೇರೆ ಇಬ್ಬರು ಹೆಂಗಸರು. ತಪ್ಪು ಬೇರೆ ಯಾರದೂ ಅಲ್ಲ, ನೋಂದಣಿ ಫಾರಂ ತುಂಬಿದ್ದು ನಾನೇ, ಆಧಾರ್ ನೋಡಿಕೊಂಡು.

ನೋಟರಿ ಹತ್ತಿರ ‘ಎರಡೂ ಹೆಸರು ಒಬ್ಬರದೇ’ ಅಂತ ಅಫಿಡವಿಟ್ ಮಾಡಿಸಿ ಸಾಕು ಎಂದು ಗೆಳೆಯರು ಹೇಳಿದರು. ನನಗೆ ಧೈರ್ಯ ಬರಲಿಲ್ಲ. ವೀಸಾ ತಿರಸ್ಕರಿಸಿದರೆ ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ. ತಿದ್ದುಪಡಿಯೇ ಆಗಲಿ ಎಂದು ಹಟ ಹಿಡಿದೆ. ಪಾಪ, ಮಾವ ನಾಲ್ಕು ಸಲ ನೋಂದಣಿ ಕಚೇರಿಗೆ ಹೋಗಿ ಬಂದರು. ಒಂದು ದಿನ ಫೋನಿನಲ್ಲಿ, “ಅಳಿಯಂದ್ರೇ, ಇವಳು ನನ್ನ ಮಗಳು ಅಂತ ಊರಿಗೆಲ್ಲ ಗೊತ್ತು. ಅವರೊಬ್ಬರಿಗೆ ಯಾಕೆ ಗೊತ್ತಾಗಲ್ಲ?” ಅಂದರು. ಹೊಸ ಸರ್ಟಿಫಿಕೇಟ್ ಸಿಕ್ಕಿದ್ದು ಏಪ್ರಿಲ್ ಮೂರನೇ ವಾರ. 29,000ದ ನಿಯಮ ಜಾರಿಯಾಗಿದ್ದು 2024ರ ಏಪ್ರಿಲ್ 11ಕ್ಕೆ. ಈಗ ಯೋಚಿಸಿದರೆ ಅಫಿಡವಿಟ್ ಬಹುಶಃ ಸಾಕಾಗುತ್ತಿತ್ತು ಅನಿಸುತ್ತದೆ.

ಸಂಬಳ ಸಾಲದಿದ್ದರೆ ಉಳಿತಾಯದ ಹಣ ತೋರಿಸಬಹುದು. ಪೂರ್ತಿ ಉಳಿತಾಯದಲ್ಲೇ ತೋರಿಸುವುದಾದರೆ 88,500 ಪೌಂಡ್, ಅದೂ ಆರು ತಿಂಗಳಿಂದ ಖಾತೆಯಲ್ಲಿರಬೇಕು. ಅಷ್ಟಿದ್ದಿದ್ದರೆ ನಾನು ಲ್ಯಾಬಿನಲ್ಲಿ ಯಾಕೆ ಕೆಲಸ ಮಾಡುತ್ತಿದ್ದೆ? ಬೇರೆ ಕೆಲಸ ಹುಡುಕಿದೆ. ಮೇ ತಿಂಗಳಿಂದ 31,000 ಸಂಬಳ. ಆದರೆ ಇಲ್ಲೊಂದು ಗಂಟಿದೆ. ‘ಕ್ಯಾಟಗರಿ ಎ’ ಅನ್ನುವ ಸುಲಭದ ದಾರಿಯಲ್ಲಿ ಒಂದೇ ಕಂಪನಿಯಲ್ಲಿ ಆರು ತಿಂಗಳು ಆಗಿರಬೇಕು. ಕೆಲಸ ಬದಲಿಸಿದವರಿಗೆ ‘ಬಿ’ ಇದೆ, ಆದರೆ ಹಿಂದಿನ 12 ತಿಂಗಳಲ್ಲಿ ನಿಜವಾಗಿ ಬಂದ ಸಂಬಳವೂ 29,000 ಮುಟ್ಟಿರಬೇಕು. ನನ್ನದು ಮುಟ್ಟಲಿಲ್ಲ. ಅಕ್ಟೋಬರ್ ಕೊನೆಯ ಪೇಸ್ಲಿಪ್ ಬರುವವರೆಗೆ ಕಾಯದೆ ಬೇರೆ ದಾರಿ ಇರಲಿಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಪೇಸ್ಲಿಪ್‌ನ ಮೊತ್ತವೇ ಪೈಸೆ ಬಿಡದೆ ಕಾಣಬೇಕು. ಆನ್‌ಲೈನ್ ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಕೊಂಡು ಬ್ರಾಂಚಿಗೆ ಹೋಗಿ “ಪ್ರತಿ ಪುಟಕ್ಕೂ ಸೀಲು ಹೊಡೆಯಿರಿ” ಅಂದೆ. ಕೌಂಟರಿನ ಹುಡುಗಿ ಡ್ರಾಯರ್ ಎಲ್ಲ ಹುಡುಕಿ ಒಂದು ಸೀಲು ತಂದಳು, ಇಂಕು ಒಣಗಿತ್ತು. ನಮ್ಮೂರಲ್ಲಾದರೆ ಕೇಳದಿದ್ದರೂ ಹೊಡೆದುಕೊಡುತ್ತಾರೆ, ಅಲ್ವಾ? ಕಂಪನಿಯಿಂದ ಪತ್ರವೂ ಬೇಕು: ಯಾವಾಗ ಸೇರಿದೆ, ಎಷ್ಟು ಸಂಬಳ, ಕೆಲಸ ಕಾಯಮ್ಮೋ ಅಲ್ಲವೋ. ಮನೆಗೆ ಮಾಲೀಕರ ಪತ್ರ, ಹೆಂಡತಿ ಬಂದು ಇರಬಹುದು ಅಂತ.

ಅವಳ ಕಡೆಯ ಕೆಲಸ ಬೇಗ ಮುಗಿಯಿತು. ಬೆಂಗಳೂರಿನಲ್ಲಿ ಎದೆಯ ಎಕ್ಸ್‌ರೇ ತೆಗೆಸಿ ಕ್ಷಯದ ಪರೀಕ್ಷೆ. ಆ ಸರ್ಟಿಫಿಕೇಟ್ ಆರು ತಿಂಗಳು ಮಾತ್ರ ನಡೆಯುತ್ತದೆ, ಅದಕ್ಕೇ ಮೊದಲೇ ಮಾಡಿಸಬೇಡಿ. ಇಂಗ್ಲಿಷ್‌ಗೆ ಎ1 ಪರೀಕ್ಷೆ, ಅಂದರೆ ತೀರಾ ಮೊದಲ ಹಂತದ್ದು. ಅವಳು ಕನ್ನಡ ಎಂಎ, ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು, ಇಂಗ್ಲಿಷ್‌ನಲ್ಲಿ ಓದಿದ ಡಿಗ್ರಿ ತೋರಿಸುವ ಹಾಗಿರಲಿಲ್ಲ. ಇಬ್ಬಿಬ್ಬರನ್ನು ಕೂರಿಸಿ ಹದಿನಾರು ಹದಿನೆಂಟು ನಿಮಿಷ ಮಾತಾಡಿಸುತ್ತಾರೆ, ಅಷ್ಟೇ. ವರ್ಷವಿಡೀ ಮಕ್ಕಳಿಗೆ ಮೌಖಿಕ ಪರೀಕ್ಷೆ ಮಾಡಿದವಳು ಅವತ್ತು ರಾತ್ರಿ ನಿದ್ದೆ ಮಾಡಲಿಲ್ಲ.

ನನಗೆ ಜಾಸ್ತಿ ತಲೆ ಕೆಡಿಸಿದ್ದು ‘ನಿಜವಾದ ಸಂಬಂಧ’ ಎಂದು ತೋರಿಸುವ ಭಾಗ. ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ. ಜಾತಕ ಕೂಡಿತು, ಎರಡು ಸಲ ಭೇಟಿಯಾದೆವು, ಒಪ್ಪಿಗೆಯಾಯಿತು. ಅದನ್ನು ಹಾಗೇ ಎರಡು ಪುಟ ಬರೆದೆ, ಸುಮ್ನೆ ಪ್ರೇಮಕಥೆ ಕಟ್ಟಲು ಹೋಗಲಿಲ್ಲ. ಆರುನೂರು ಜನ ಬಂದಿದ್ದ ಆರತಕ್ಷತೆಯ ಆಲ್ಬಮ್ಮಿನಿಂದ ಹದಿನೈದೇ ಫೋಟೋ ಆರಿಸಿದೆ, ಅಪ್ಪ ಅಮ್ಮ ಅತ್ತೆ ಮಾವ ಸ್ಪಷ್ಟವಾಗಿ ಕಾಣುವಂಥವು. ನಾನು ಮಧ್ಯೆ ಊರಿಗೆ ಹೋಗಿಬಂದ ಟಿಕೆಟ್. ತಿಂಗಳಿಗೆ ಎರಡರಂತೆ ವಾಟ್ಸಾಪ್ ಸ್ಕ್ರೀನ್‌ಶಾಟ್.

ಕನ್ನಡದಲ್ಲಿದ್ದದ್ದಕ್ಕೆಲ್ಲ ಅನುವಾದ ಬೇಕು. ಅನುವಾದ ಸರಿಯಿದೆ ಎಂದು ಅನುವಾದಕರು ಬರೆದು, ಹೆಸರು, ವಿಳಾಸ, ದಿನಾಂಕ, ಸಹಿ ಹಾಕಬೇಕು. ಪುಟಕ್ಕಿಷ್ಟು ಅಂತ ದುಡ್ಡು. ಲಗ್ನಪತ್ರಿಕೆ ಕೊಟ್ಟಾಗ ಅನುವಾದಕಿ ಫೋನ್ ಮಾಡಿದರು. “‘ಗಂಗಾ ಗೌರಿ ಸಮಾನರಾದ’ ಅಂತ ನಿಮ್ಮ ಚಿಕ್ಕಮ್ಮಂದಿರ ಸಾಲಿದೆಯಲ್ಲ, ಅದನ್ನೂ ಮಾಡಬೇಕಾ?” ಪೂರ್ತಿ ಪತ್ರಿಕೆ ಮಾಡಿ ಅಂದೆ. ಬಿಟ್ಟರೆ ಏನೋ ಮುಚ್ಚಿಟ್ಟ ಹಾಗಾಗುತ್ತದೆ.

ನವೆಂಬರ್‌ನಲ್ಲಿ ಅರ್ಜಿ ಹಾಕಿದೆವು. ಸಂಬಳದ ಕಾಗದಗಳ ಕೊನೆಯ ತಾರೀಖು ಅರ್ಜಿಗಿಂತ 28 ದಿನಕ್ಕೂ ಹಳೆಯದಾಗಬಾರದು, ಇದನ್ನು ನೆನಪಿಡಿ. ಶುಲ್ಕ 1,846 ಪೌಂಡ್, ಅದರ ಮೇಲೆ ಆರೋಗ್ಯದ ಸರ್‌ಚಾರ್ಜ್, ಅಂದರೆ ಇಲ್ಲಿನ ಸರ್ಕಾರಿ ವೈದ್ಯಕೀಯ ಸೇವೆಗೆ ಕಟ್ಟುವ ಹಣ, 3,105. ವೀಸಾ 33 ತಿಂಗಳಿಗೆ, ಆದರೆ ಸರ್‌ಚಾರ್ಜ್ ಮೂರು ಪೂರ್ತಿ ವರ್ಷದ್ದು. ನಮ್ಮ ಲೆಕ್ಕದಲ್ಲಿ ಐದು ಲಕ್ಷ ದಾಟಿತು. ವೀಸಾ ಸಿಗದಿದ್ದರೆ ಸರ್‌ಚಾರ್ಜ್ ಮಾತ್ರ ವಾಪಸ್.

ಅವಳು ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಳು. ಫೆಬ್ರವರಿಯಲ್ಲಿ ಮೇಲ್ ಬಂತು. ಪಾಸ್‌ಪೋರ್ಟಿನಲ್ಲಿ 90 ದಿನದ ಸ್ಟಿಕರ್ ಇತ್ತು, ಉಳಿದದ್ದೆಲ್ಲ ಆನ್‌ಲೈನ್ ಇ-ವೀಸಾ. ಮಾವ ಮೊದಲು ಕೇಳಿದ್ದು, “ಹೆಸರು ಸರಿಯಾಗಿ ಬಂದಿದೆಯಾ?”

ಏಪ್ರಿಲ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಿಲ್ ಇಬ್ಬರ ಹೆಸರಿನಲ್ಲೂ ಬಂತು. ಎರಡೂವರೆ ವರ್ಷಕ್ಕೆ ವೀಸಾ ಮುಂದುವರಿಸುವಾಗ ಇಬ್ಬರೂ ಒಂದೇ ಮನೆಯಲ್ಲಿದ್ದೇವೆ ಎಂಬುದಕ್ಕೆ ಇಂಥ ಕಾಗದಗಳನ್ನೇ ಕೇಳುತ್ತಾರೆ. ನಾನು ಹೊಸ ಫೈಲ್ ತೆಗೆದೆ. “ರೀ, ತೆರಿಗೆ ಬಿಲ್ಲಿಗೂ ಫೈಲಾ?” ಎಂದು ನಕ್ಕವಳು, ಬಿಲ್ ನನ್ನ ಕೈಯಿಂದ ತೆಗೆದುಕೊಂಡು ತನ್ನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಎಚ್.ಎನ್. ಇರಲಿಲ್ಲ. ಆಮೇಲೆ ಫೈಲಿಗೆ ಹಾಕಿದಳು.