ಎರೆ ಹೊಲದ ಗಾಳಿಗೆ ನನ್ನ ಶಾಟ್‌ಗನ್ ಮೈಕಿಗೊಂದು ಕವಚ

ಗದಗ ಸೀಮೆಯ ಎರೆ ಹೊಲಗಳಲ್ಲಿ ಗಾಳಿಗೆ ಅಡ್ಡ ಅಂತ ಏನೂ ಇಲ್ಲ. ಮರ ಕಡಿಮೆ, ನೆಲ ಸಪಾಟು. ಕಪ್ಪತಗುಡ್ಡದ ಸಾಲಿನಲ್ಲಿ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಇಂಥ ಕಡೆ ನಾನು ಹಂತಿ ಪದ ರೆಕಾರ್ಡ್ ಮಾಡುತ್ತೇನೆ. ಕಣದಲ್ಲಿ ತೆನೆಯಿಂದ ಕಾಳು ಬಿಡಿಸಲು ಮೇಟಿ ಕಂಬದ ಸುತ್ತ ಎತ್ತು ತಿರುಗಿಸುತ್ತಾ ಹಾಡುತ್ತಿದ್ದ ಹಾಡುಗಳು ಇವು. ರಾಶಿ ಮಷಿನ್ ಬಂದ ಮೇಲೆ ಹಂತಿ ಹೊಡೆಯುವುದು ಅಪರೂಪವಾಗಿದೆ, ಆದರೆ ಪದ ಬಲ್ಲ ಹಿರಿಯರು ಇದ್ದಾರೆ. ಅವರನ್ನು ಕೋಣೆಯೊಳಗೆ ಕೂರಿಸಿದರೆ ದನಿ ಬಿಚ್ಚುವುದಿಲ್ಲ, ಹೊಲಕ್ಕೇ ಹೋಗಬೇಕು. ಕಣ ಮಾಡಿರುವುದೋ, ಚೆನ್ನಾಗಿ ಗಾಳಿ ಬೀಸುವ ಜಾಗದಲ್ಲಿ. ಕಾಳು ತೂರಲು ಗಾಳಿ ಬೇಕಲ್ವಾ!

ಶಾಟ್‌ಗನ್ ಅಂದರೆ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ, ಉದ್ದ ಕೊಳವೆಯಂಥ ಮೈಕು. ಅದಕ್ಕೆ ಗಾಳಿ ಯಾಕೆ ಇಷ್ಟು ಕಾಡುತ್ತದೆ ಅಂದರೆ, ಆ ಕೊಳವೆಯ ಪಕ್ಕದಲ್ಲಿ ಸಾಲಾಗಿ ಸೀಳುಗಳಿವೆ. ಪಕ್ಕದಿಂದ ಬಂದ ಸದ್ದು ಬೇರೆ ಬೇರೆ ಸೀಳುಗಳಿಂದ ಚೂರು ಹಿಂದೆ ಮುಂದೆ ಒಳಹೊಕ್ಕು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಮುಂದಿನ ಸದ್ದು ಉಳಿಯುತ್ತದೆ. ಒಳಗಿನ ತೆಳು ಪೊರೆ ಎರಡೂ ಬದಿಗೆ ತೆರೆದಿರುತ್ತದೆ. ಎರಡು ಬದಿಯ ಒತ್ತಡದಲ್ಲಿ ಚೂರು ವ್ಯತ್ಯಾಸ ಆದರೂ ಅದು ಅಲುಗುತ್ತದೆ. ಗಾಳಿ ಮೈಕಿನ ಮೈಗೆ ಬಡಿದು ಸುಳಿ ಎದ್ದರೆ ಗುಡುಗುಡು ಸದ್ದು ಬರುತ್ತದೆ. ಅದರಲ್ಲಿ ಹೆಚ್ಚಿನದು ತೀರಾ ಕೆಳ ಸ್ವರದ್ದು, ಆದರೆ ರೆಕಾರ್ಡರನ್ನೇ ಮುಳುಗಿಸುವಷ್ಟು ದೊಡ್ಡದು. ಹಾಗೆ ಮುಳುಗಿದ ಕಡೆ ಹಾಡೂ ಒಡೆದುಹೋಗುತ್ತದೆ. ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ವಾಪಸ್ ತರುವುದಿಲ್ಲ. ಆದ್ದರಿಂದ ಗಾಳಿಯನ್ನು ಮೈಕಿನ ಹೊರಗೇ ತಡೆಯಬೇಕು.

ಮೈಕಿನ ಜೊತೆ ಬರುವ ಕಪ್ಪು ಸ್ಪಂಜು ಕೋಣೆಯೊಳಗೆ ಸಾಕು. ಅದರ ಮೇಲೆ ಉದ್ದ ಕೂದಲಿನ ಬಟ್ಟೆಯ ಚೀಲ ಹಾಕಿದರೆ ಸಣ್ಣ ಗಾಳಿಯೂ ನಡೆಯುತ್ತದೆ. ನಮ್ಮ ಬಯಲಿಗೆ ಎರಡೂ ಸಾಲದು. ಮೈಕಿನ ಸುತ್ತ ಅಲುಗದ ಗಾಳಿಯ ಒಂದು ಪದರ ಇರಬೇಕು. ಕೆಲಸ ಮಾಡುವುದು ಆ ಪದರ. ಅದಕ್ಕೇ ಸಿನಿಮಾದವರು ಮೈಕನ್ನು ಉದ್ದನೆಯ ಬುಟ್ಟಿಯೊಳಗೆ ತೂಗಿಹಾಕುತ್ತಾರೆ. ಇಂಗ್ಲೆಂಡಿನ ರೈಕೋಟ್ ಕಂಪನಿ ಇಂಥವಕ್ಕೆ ಹೆಸರುವಾಸಿ. ನನ್ನದು ರೋಡ್ ಕಂಪನಿಯ ಎನ್‌ಟಿಜಿ2, ಸುಮಾರು 28 ಸೆಂಟಿಮೀಟರ್ ಉದ್ದದ ಮೈಕು. ಆ ಬುಟ್ಟಿಯ ಬೆಲೆ ಮೈಕಿಗಿಂತ ಜಾಸ್ತಿ. ನಾನೇ ಮಾಡಿಕೊಂಡೆ.

ಹಾರ್ಡ್‌ವೇರ್ ಅಂಗಡಿಯ ಪ್ಲಾಸ್ಟಿಕ್ ಜಾಳಿಗೆಯನ್ನು ಸುತ್ತಿ ಹತ್ತು ಸೆಂಟಿಮೀಟರ್ ಅಗಲದ ಕೊಳವೆ ಮಾಡಿದೆ. ಎರಡೂ ತುದಿ ದುಂಡಗೆ ಮುಚ್ಚಿದೆ. ಚಪ್ಪಟೆ ಬಿಟ್ಟರೆ ಅಂಚಿನಲ್ಲಿ ಗಾಳಿ ಮತ್ತೆ ಸುಳಿ ಹಾಕುತ್ತದೆ. ಒಳಗೆ ಇಲಾಸ್ಟಿಕ್ ಕಟ್ಟಿ ಮೈಕನ್ನು ನಟ್ಟನಡುವೆ ತೂಗಿಹಾಕಿದೆ. ಎಲ್ಲೂ ಜಾಳಿಗೆಗೆ ತಾಗಬಾರದು. ಬುಟ್ಟಿಯೊಳಗಿನ ಕೇಬಲ್ ತೆಳ್ಳಗಿರಲಿ, ಸ್ವಲ್ಪ ಸಡಿಲವಾಗಿರಲಿ. ದಪ್ಪ ಕೇಬಲ್ ಕೈಯ ಅಲುಗಾಟವನ್ನೆಲ್ಲ ಮೈಕಿಗೆ ಮುಟ್ಟಿಸುತ್ತದೆ. ಕೇಬಲ್ ಹೊರಬರುವ ತೂತನ್ನೂ ಬಿಡದೆ ಮುಚ್ಚಬೇಕು.

ಬುಟ್ಟಿಯ ಮೇಲೆ ಹೊದಿಸಲು ಕೂದಲ ಬಟ್ಟೆ ಹುಡುಕುವುದೇ ಇದರಲ್ಲಿ ದೊಡ್ಡ ಕೆಲಸ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಅಂಗಡಿ ಅಂಗಡಿ ತಿರುಗಿದೆ. ಗೊಂಬೆಗೆ ಬಳಸುವ ಬಟ್ಟೆ ನೋಡಲು ಚೆಂದ, ಆದರೆ ಬಹಳಷ್ಟಕ್ಕೆ ಹಿಂಬದಿಯಲ್ಲಿ ಅಂಟು ಬಳಿದಿರುತ್ತಾರೆ. ಅದು ಗಾಳಿಯ ಜೊತೆ ಹಾಡನ್ನೂ ತಡೆಯುತ್ತದೆ. ಪರೀಕ್ಷೆ ಸುಲಭ. ಬಟ್ಟೆಯ ಹಿಂಬದಿಯನ್ನು ತುಟಿಗೆ ಹಿಡಿದು ಊದಿ. ಉಸಿರು ಆರಾಮಾಗಿ ಆಚೆ ಹೋಗಬೇಕು. ಹೆಣೆದ ಬಟ್ಟೆ, ನಾಲ್ಕೈದು ಸೆಂಟಿಮೀಟರ್ ಉದ್ದದ ಸಡಿಲ ಕೂದಲು ಸಿಕ್ಕರೆ ಬಿಡಬೇಡಿ. ಟೇಲರಿಗೆ ಕೊಟ್ಟು ಚೀಲ ಹೊಲಿಸಿದೆ, ಜಿಪ್ ಬೇಡ ಎಂದು ಹೇಳಿ ಬಾಯಿಗೆ ಲಾಡಿ ಹಾಕಿಸಿದೆ. ಜಿಪ್ಪು ಕಟಕಟ ಅನ್ನುತ್ತದೆ.

ಮನೆಯಲ್ಲಿ ಟೇಬಲ್ ಫ್ಯಾನ್ ಎದುರಿಟ್ಟು ನೋಡಿದೆ. ಆಮೇಲೆ ಫ್ಯಾನ್ ನಿಲ್ಲಿಸಿ, ಚೀಲ ಹಾಕಿ, ತೆಗೆದು, ಅದೇ ಹಾಡನ್ನು ಮತ್ತೆ ಕೇಳಿದೆ. ಚೀಲ ಇದ್ದಾಗ ‘ಸ’, ‘ಶ’ ಸ್ವಲ್ಪ ಮಂಕಾಗುತ್ತವೆ. ಎಡಿಟಿಂಗಿನಲ್ಲಿ ಮೇಲಿನ ಸ್ವರ ಚೂರು ಎತ್ತಿದರೆ ಸರಿಹೋಗುತ್ತದೆ.

ಮೊದಲ ಸಲ ಇದನ್ನು ಕಣಕ್ಕೆ ಒಯ್ದಾಗ ಅಜ್ಜ ಒಬ್ಬರು, ‘ತಮ್ಮಾ, ಇದೇನ್ ಕರಡಿ ಮರಿ ಹಿಡ್ಕೊಂಡ್ ಬಂದೀಯಲ್ಲೋ’ ಎಂದರು. ಅವರ ಕೈಗೇ ಕೊಟ್ಟೆ. ಮುಟ್ಟಿ ನೋಡಿದ ಮೇಲೆ ಮೈಕಿನ ಕಡೆ ಗಮನ ಹೋಗದೆ ಹಾಡುತ್ತಾರೆ. ಈಗ ಎಲ್ಲರಿಗೂ ಹಾಗೆ ಕೊಡುತ್ತೇನೆ.

ಕವಚ ಇದೆ ಅಂತ ಗಾಳಿಗೆ ಎದೆ ಕೊಟ್ಟು ನಿಲ್ಲುವುದಿಲ್ಲ. ಬೆಳಗ್ಗೆ ಬಿಸಿಲು ಏರುವ ಮೊದಲು ಹೋಗುತ್ತೇನೆ. ಕಣಿಕೆ ಬಣವೆಯ ಮರೆಯಲ್ಲಿ ಹಾಡುವವರನ್ನು ಕೂರಿಸುತ್ತೇನೆ. ಮೈಕು ನೆಲಕ್ಕೆ ಹತ್ತಿರ ಇರುತ್ತದೆ, ಕೆಳಗೆ ಗಾಳಿಯ ವೇಗ ಕಡಿಮೆ. ಇನ್ನೊಂದು, ಹತ್ತಿರ ಹೋಗಿ. ದೂರ ಅರ್ಧ ಮಾಡಿದರೆ ಬಯಲಿನಲ್ಲಿ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಗಾಳಿಯ ಸದ್ದು ಇದ್ದಷ್ಟೇ ಇರುತ್ತದೆ. ಖರ್ಚಿಲ್ಲದ ಉಪಾಯಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ಮೇಲು.

ಮೈಕಿನ ಮೇಲೆ 80 ಹರ್ಟ್ಜ್‌ನ ಲೋ ಕಟ್ ಸ್ವಿಚ್ ಇದೆ, ಅದಕ್ಕಿಂತ ಕೆಳಗಿನ ಸ್ವರವನ್ನು ತಗ್ಗಿಸುತ್ತದೆ. ಹಾಡಿಗೆ ಅದನ್ನು ಹಾಕಿಯೇ ಇರುತ್ತೇನೆ, ಮನುಷ್ಯರ ದನಿಗೆ ಅದರಿಂದ ನಷ್ಟ ಇಲ್ಲ. ಹೋಳಿಯಲ್ಲಿ ಹುಬ್ಬಳ್ಳಿ ಕಡೆ ಜಗ್ಗಲಿಗೆ ಬಾರಿಸುವಾಗ ಮಾತ್ರ ತೆಗೆಯುತ್ತೇನೆ. ಚಕ್ಕಡಿ ಗಾಲಿಯಷ್ಟು ದೊಡ್ಡ ವಾದ್ಯ ಅದು. ಆ ಕೆಳ ಸ್ವರವನ್ನು ಕತ್ತರಿಸಿದರೆ ಜಗ್ಗಲಿಗೆಯಲ್ಲಿ ಉಳಿಯುವುದೇನು?

ಕಣದಿಂದ ಬಂದ ಮೇಲೆ ಚೀಲದಲ್ಲಿ ಜೋಳದ ರವದಿ, ಧೂಳು ತುಂಬಿರುತ್ತದೆ. ಕೊಡವಿ, ಬಾಚಣಿಗೆಯಿಂದ ಬಾಚುತ್ತೇನೆ. ಕೂದಲು ಗಂಟಾದರೆ, ಒದ್ದೆಯಾದರೆ, ಗಾಳಿ ತಡೆಯುವುದಿಲ್ಲ, ದನಿಯೂ ಮಂಕು. ಅದಕ್ಕೇ ಎರಡು ಚೀಲ ಹೊಲಿಸಿದ್ದೇನೆ.

ಆಷಾಢದಲ್ಲಿ ಕಪ್ಪತಗುಡ್ಡದ ಮೇಲೆ ಮಾತಾಡಿಸಬೇಕಾದರೆ ಶಾಟ್‌ಗನ್ ಆಸೆ ಬಿಡುತ್ತೇನೆ. ಎಲ್ಲ ದಿಕ್ಕಿನಿಂದ ಕೇಳುವ ಸಣ್ಣ ಕಾಲರ್ ಮೈಕಿಗೆ ಗಾಳಿಯ ಕಾಟ ಕಡಿಮೆ. ಅದಕ್ಕೂ ಚೂರು ಕೂದಲ ಬಟ್ಟೆ ಸುತ್ತಿ, ಹೆಗಲ ಮೇಲಿನ ಟವಲಿನ ಮಡಿಕೆಯೊಳಗೆ ಸಿಕ್ಕಿಸುತ್ತೇನೆ. ಟವಲು ಉಜ್ಜದ ಹಾಗೆ ಒಂದು ಪಿನ್ನು ಹಾಕಬೇಕು, ಅಷ್ಟೇ.