ಗುರುತಿಗೊಂದು ಪದ ಇಟ್ಟ ಮೇಲೆ ಬೇಲಿ ದುಡ್ಡು ಉಳಿಯಿತು

ತೆಂಗಿನ ಸಸಿಯ ಬುಡ ಹೋದರೆ ಊರಲ್ಲಿ ಎಲ್ಲರದ್ದೂ ಒಂದೇ ಮಾತು: ಹಂದಿ ಬಂದಿತ್ತು. ಅದನ್ನು ನಂಬಿ ಸೋಲಾರ್ ಬೇಲಿಗೆ 60,000ದ ಹತ್ತಿರ ಸುರಿಯಲು ಹೊರಟಿದ್ದೆ. ಅದಕ್ಕೂ ಮೊದಲು ಸುಮಾರು 8,000ದ ಕ್ಯಾಮೆರಾ ಕಟ್ಟಿ ಆಗಿತ್ತು. ಮಳೆಗಾಲದಲ್ಲಿ ಗಾಜಿನೊಳಗೆ ತೇವ ಕೂತು ಎರಡೇ ತಿಂಗಳಿಗೆ ಕೆಟ್ಟಿತು. ಕೊನೆಗೆ ಕೈಹಿಡಿದದ್ದು ಪ್ರಾಣಿಯ ಕಾಲಿನ ಗುರುತು ಬೀಳಲೆಂದು ಹರಡಿದ, ಜರಡಿ ಹಿಡಿದ ಮಣ್ಣು ಮತ್ತು ಒಂದು ನೋಟ್‌ಬುಕ್. ಮಣ್ಣು ಹರಡಿದರೆ ಏನು ಸಿಗುತ್ತದೆ ಎಂದವರೇ ಈಗ ಜರಡಿ ಕೇಳಿಕೊಂಡು ಬರುತ್ತಾರೆ.

ನೋಟ್‌ಬುಕ್ಕಿನಲ್ಲಿ 'ಹಾಳು ಮಾಡಿದೆ' ಎಂದು ಬರೆದರೆ ವಾರದ ನಂತರ ಏನೂ ತಿಳಿಯದು. ಉತ್ತಿದೆಯೋ, ಬಗೆದಿದೆಯೋ, ಕೊರೆದಿದೆಯೋ, ಉಜ್ಜಿದೆಯೋ ಬರೆಯಬೇಕು. ಮೂತಿಯಿಂದ ನೆಲ ಉತ್ತದ್ದು ಹಂದಿ. ಹುತ್ತ ಒಡೆದು ಬಗೆದದ್ದು ಕರಡಿ, ದುಂಡಗೆ ಕೊರೆದದ್ದು ಚಿಪ್ಪುಹಂದಿ. ತೊಗಟೆಗೆ ಕೊಂಬು ಉಜ್ಜಿದ್ದು ಕಡವೆ. ಬುಡದಲ್ಲಿ ಸಣ್ಣ ಉಳಿಯಿಂದ ಕೆತ್ತಿದಂತೆ ಜೋಡಿ ಗೀರಿದ್ದರೆ ಮುಳ್ಳುಹಂದಿ. ಆನೆಯದು ಲದ್ದಿ, ಕಾಟಿಯದು (ಕಾಡುಕೋಣ) ಸಗಣಿ, ಕಾಡುಕುರಿಯದು ಹಿಕ್ಕೆ. ಗೊರಸನ್ನೂ ಪಂಜವನ್ನೂ ಒಟ್ಟಿಗೆ 'ಹೆಜ್ಜೆ' ಎಂದು ಬರೆಯುತ್ತಿದ್ದಷ್ಟು ದಿನ ನನ್ನ ಲೆಕ್ಕ ತಪ್ಪುತ್ತಲೇ ಇತ್ತು.

ಬೇಲಿ ಸಂದಿಯಲ್ಲಿ ಮೊದಲು ಹಾಕಿದ್ದು 2 ಅಡಿ ಅಗಲದ ಮಣ್ಣಿನ ಪಟ್ಟಿ. ಪ್ರಾಣಿಗಳು ಅದನ್ನು ದಾಟಿಯೇ ಹೋದವು, ಸಿಕ್ಕಿದ್ದು ಅರ್ಧ ಗುರುತು. 5 ಅಡಿ ಬೇಕು. ಎಂ-ಸ್ಯಾಂಡ್‌ನಲ್ಲಿ ಅಂಚು ಕುಸಿಯುತ್ತದೆ, ಬರೀ ಅಂಟುಮಣ್ಣು ಬಿರಿಯುತ್ತದೆ. ಜರಡಿ ಹಿಡಿದ ತೋಟದ ಮಣ್ಣು 3 ಪಾಲು, ಒಲೆ ಬೂದಿ 1 ಪಾಲು, ಅರ್ಧ ಇಂಚು ದಪ್ಪ. ಕತ್ತಲಾಗುವ ಮುಂಚೆ ಹಲಗೆಯಿಂದ ಸವರಬೇಕು. ಇಬ್ಬನಿ ತಡೆಯಲು ಇನ್ನೊಂದು ವಸ್ತು ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ.

ನಾಲ್ಕನೇ ಬೆಳಿಗ್ಗೆ ಉತ್ತರ ಸಿಕ್ಕಿತು. ಅಂಗಾಲು ಪೂರ್ತಿ ಊರಿದ ಗುರುತು, ಮುಂಗಾಲಿಗೆ 4 ಬೆರಳು, ಹಿಂಗಾಲಿಗೆ 5, ನಡುವೆ ಹಿಡಿಸೂಡಿ ಎಳೆದಂಥ ಸಣ್ಣ ಗೆರೆಗಳು. ಆ ಗೆರೆ ಮುಳ್ಳುಹಂದಿಯ ಮುಳ್ಳಿನದು. ಹಂದಿಯಾಗಿದ್ದರೆ ಜೋಡಿ ಗೊರಸಿನ ಹಿಂದೆ, ಹೊರಮಗ್ಗುಲಿಗೆ, ಎರಡು ಚುಕ್ಕೆ ಬೀಳಬೇಕಿತ್ತು. ಪ್ರತಿ ಸಸಿಗೂ 2 ಅಡಿ ತಗಡು ಸುತ್ತಿ ಅರ್ಧ ಅಡಿ ಮಣ್ಣೊಳಗೆ ಹೂತೆ, ಮುಳ್ಳುಹಂದಿ ತೋಡುತ್ತದೆ. ಸಸಿಗೆ ಸುಮಾರು 40 ರೂಪಾಯಿ. 120 ಸಸಿಗೂ ಸೇರಿ 5,000 ದಾಟಲಿಲ್ಲ. ಆಮೇಲೆ ಒಂದು ಸಸಿಯೂ ಹೋಗಿಲ್ಲ.

ಚಿರತೆಯೋ ನಾಯಿಯೋ ಎಂಬ ಜಗಳಕ್ಕೆ ಅಚ್ಚು ತೆಗೆಯುವುದೇ ಮದ್ದು. ಉಗುರಿನ ಗುರುತು ಬಿದ್ದಿದ್ದರೆ ನಾಯಿ. ಉಗುರಿಲ್ಲದೆ ಹಿಮ್ಮಡಿ ಮೆತ್ತೆಯ ಹಿಂಬದಿ ಮೂರು ಉಬ್ಬಾಗಿದ್ದರೆ ಚಿರತೆ. ಗುರುತಿನ ಸುತ್ತ ಅಡಿಕೆ ಹಾಳೆಯ ಪಟ್ಟಿ ಕಟ್ಟಿ, 2 ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ 1 ಲೋಟ ನೀರು ಕಲಸಿ, ಚಮಚದ ಬೆನ್ನ ಮೇಲಿಂದ ಇಳಿಸಬೇಕು. ನೇರ ಸುರಿದು ನಾಲ್ಕೈದು ಗುರುತು ಕಳೆದುಕೊಂಡಿದ್ದೇನೆ. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಎತ್ತುವ ಮೊದಲೇ ಯಾವ ಕಾಲೆಂದು ಬರೆದಿಡಿ.

ಇದರ ನಡುವೆ ಬಂಡೆ ಮೇಲಿನ ಕಬ್ಬೆಕ್ಕಿನ ಹಿಕ್ಕೆಯಿಂದ ಬೈನೆ ಮರದ ಬೀಜ ತೊಳೆದು ತೆಗೆದು ನೂರರಷ್ಟು ಪಾತಿಗೆ ಹಾಕಿದೆ. ಮೂವತ್ತರ ಹತ್ತಿರ ಮೊಳೆತಿವೆ, ತಡವಾಗಿ. ಈ ಮಳೆಗೆ ಅವನ್ನು ಹಳ್ಳದ ಅಂಚಿಗೆ ನೆಡುತ್ತೇನೆ.