ಬಿಸಿಯಾದಾಗಷ್ಟೇ ನಿಲ್ಲುತ್ತಿದ್ದ ಓಮ್ನಿ

ವಿಜಯಪುರದ ಮೇ ತಿಂಗಳ ಬಿಸಿಲು ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಅಂಥದ್ದರಲ್ಲೇ ಒಂದು ಹಳೆಯ ಕಾರ್ಬೊರೇಟರ್ ಓಮ್ನಿ ನನ್ನ ಗ್ಯಾರೇಜಿಗೆ ಬಂತು. ಕೊಲ್ಹಾರದ ದಾರಿಯಲ್ಲಿ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಮತ್ತೆ ಶುರುವಾಗುತ್ತದೆ.

"ಎರಡ್ ಸಲ ಪೆಟ್ರೋಲ್ ಪಂಪ್ ಬದಲ್ ಮಾಡ್ಸೀನ್ರೀ, ಆದ್ರೂ ಹಂಗ ನಿಂದರ್ತೈತಿ" ಅಂದರು ಮಾಲೀಕರು.

ನಾನೂ ಮೊದಲು ಪೆಟ್ರೋಲ್ ಕಡೆಗೇ ನೋಡಿದೆ. ಎಲ್ಲಾ ಸರಿ ಇತ್ತು. ಕಿಡಿಯೂ ನೀಲಿಯಾಗಿ ಚೆನ್ನಾಗಿತ್ತು. ತಣ್ಣಗಿದ್ದಾಗ ಎಷ್ಟು ನೋಡಿದರೂ ಈ ತಪ್ಪು ಸಿಗುವುದಿಲ್ಲ ಅನ್ನಿಸಿತು. ಹಾಗಾಗಿ ಒಂದು ಬಿಡಿ ಸ್ಪಾರ್ಕ್ ಪ್ಲಗ್, ಮಲ್ಟಿಮೀಟರ್ ಹಿಡಿದು ಮಾಲೀಕರ ಜೊತೆ ಹೊರಟೆ. ನಿಲ್ಲುವವರೆಗೂ ಓಡಿಸಿದೆವು.

ನಿಂತ ಕೂಡಲೇ ಸೀಟು ಎತ್ತಿದೆ. ಓಮ್ನಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ, ಹಬೆಯಂತೆ ಕಾವು ಮುಖಕ್ಕೆ ಬಡಿಯಿತು. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನಿಂದ ಬರುವ ನಡುವಿನ ವಾಯರಿಗೇ ಪ್ಲಗ್ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಸಿದೆ. ಕಿಡಿ ಇಲ್ಲ. ಅಂದರೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್, ರೋಟರ್‌ದು ತಪ್ಪಲ್ಲ, ಅಲ್ಲಿಯವರೆಗೆ ಕರೆಂಟೇ ಬರುತ್ತಿಲ್ಲ.

ಈ ಡಿಸ್ಟ್ರಿಬ್ಯೂಟರ್‌ನಲ್ಲಿ ಕರೆಂಟ್ ಕಡಿಯುವ ಹಳೇ ಕಾಲದ ಪಾಯಿಂಟ್ ಇರುವುದಿಲ್ಲ. ಎಂಜಿನ್ ಎರಡು ಸುತ್ತು ತಿರುಗಿದರೆ ಇದರ ಶಾಫ್ಟ್ ಒಂದು ಸುತ್ತು. ಶಾಫ್ಟ್ ಮೇಲೆ ಹಲ್ಲಿನ ಚಕ್ರವಿದೆ, ಮೂರು ಸಿಲಿಂಡರಿಗೆ ಮೂರು ಹಲ್ಲು. ಪಕ್ಕದಲ್ಲಿ ಅಯಸ್ಕಾಂತವಿರುವ ಪಿಕಪ್ ಕಾಯಿಲ್. ಹಲ್ಲು ಹತ್ತಿರ ಬಂದು ಹೋದಾಗ ಅದರಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅದನ್ನು ಕಂಡ ಇಗ್ನೈಟರ್, ಇಗ್ನಿಷನ್ ಕಾಯಿಲ್‌ಗೆ ಹೋಗುವ 12 ವೋಲ್ಟಿನ ಕರೆಂಟನ್ನು ಥಟ್ಟನೆ ಕಡಿಯುತ್ತದೆ. ಕಡಿದ ಆ ಕ್ಷಣದಲ್ಲೇ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಎದ್ದು, ರೋಟರ್ ಮೂಲಕ 1-3-2ರ ಸರದಿಯಲ್ಲಿ ಪ್ಲಗ್‌ಗಳಿಗೆ ಹೋಗುತ್ತದೆ. ಶುರುವಿನ ಆ ಸಣ್ಣ ಸಂಕೇತವೇ ಹುಟ್ಟದಿದ್ದರೆ ಮುಂದಿನದೆಲ್ಲ ಸುಮ್ನೆ ಕೂರುತ್ತದೆ.

ಪಿಕಪ್‌ನ ಎರಡು ವಾಯರಿಗೆ ಮೀಟರ್ ಹಚ್ಚಿದೆ. ಬೆಳಿಗ್ಗೆ ಓಮ್ ಅಂಕಿ ತೋರಿಸಿದ್ದ ಮೀಟರ್ ಈಗ ಏನೂ ತೋರಿಸಲಿಲ್ಲ. ಒಳಗಿನ ಕೂದಲಿನಂಥ ತಂತಿ ಕಾದಾಗ ಬಿಟ್ಟುಕೊಳ್ಳುತ್ತಿತ್ತು, ಆರಿದಾಗ ಕೂಡುತ್ತಿತ್ತು.

ಹೊಸ ಪಿಕಪ್ ಹಾಕುವ ಮುಂಚೆ ಡಿಸ್ಟ್ರಿಬ್ಯೂಟರ್ ಕೂತ ಜಾಗಕ್ಕೆ ಗೀರು ಹಾಕಿಕೊಂಡೆ. ಹಲ್ಲಿಗೂ ಪಿಕಪ್‌ಗೂ ನಡುವೆ 0.3 ಮಿ.ಮೀ. ಸಂದು ಬಿಟ್ಟೆ. ಅದನ್ನು ಅಳೆಯಲು ಹಿತ್ತಾಳೆಯ ಗೇಜೇ ಬೇಕು, ಉಕ್ಕಿನದನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಆಮೇಲೆ ಕಿಡಿ ಸರಿಯಾದ ಹೊತ್ತಿಗೆ ಬರುತ್ತಿದೆಯೇ ಅಂತ ಟೈಮಿಂಗ್ ಲೈಟ್ ಹಿಡಿದು ನೋಡಿದೆ.

ಮರುದಿನ ನಡು ಮಧ್ಯಾಹ್ನವೇ ಕೊಲ್ಹಾರ ದಾಟಿ ಬಾಗಲಕೋಟೆವರೆಗೆ ಹೋಗಿಬನ್ನಿ ಅಂತ ಮಾಲೀಕರನ್ನು ಕಳಿಸಿದೆ. ಸಂಜೆ ಎಲ್ಲೂ ನಿಲ್ಲದೆ ಬಂದರು.